ಈ ಸಾಲು ಹೇಳಿದವರು ಯಾರು? ಭಾಷಾ ತರಗತಿ ಮತ್ತು ಎಐ

ನಮ್ಮ ವಾರ್ತಾಪತ್ರದ ವಿದ್ಯಾರ್ಥಿ ಸಂಪಾದಕರು ಈ ಸಲ ಭಾಷಾ ವಿಭಾಗಕ್ಕೆ ಒಂದು ನೇರ ಪ್ರಶ್ನೆ ಕೊಟ್ಟಿದ್ದಾರೆ: "ಮೇಡಂ, ಅಸೈನ್‌ಮೆಂಟಿಗೆ ಎಐ ಬಳಸಬಹುದೋ ಬಾರದೋ?" ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದರೆ ನನಗೂ ಸುಲಭ, ನಿಮಗೂ ಸುಲಭ. ಆದರೆ ಕನ್ನಡ, ಉರ್ದು, ಇಂಗ್ಲಿಷ್ ಮೂರೂ ತರಗತಿಗಳಲ್ಲಿ ಈಚೆಗೆ ನಡೆದದ್ದನ್ನು ನೋಡಿದ ಮೇಲೆ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಇದನ್ನು ಒಂದು ಪಾಠವೆಂದೇ ಓದಿರಿ. ಕೊನೆಯಲ್ಲಿ ಮನೆಗೆಲಸವೂ ಇದೆ.

ಮೊದಲು ಇದು ಏನು ಎಂಬುದು. ಎಐ ಎಂಬ ಹೆಸರಿನಲ್ಲಿ ಹತ್ತಾರು ಬಗೆಯ ತಂತ್ರಾಂಶಗಳಿವೆ. ನೀವು ಕೇಳುತ್ತಿರುವುದು ಹೊಸದಾಗಿ ಪಠ್ಯ ಹುಟ್ಟಿಸುವ ಜನರೇಟಿವ್ ಎಐ ಬಗ್ಗೆ. 2022ರ ನವೆಂಬರ್ 30ರಂದು ಓಪನ್‌ಎಐ ಸಂಸ್ಥೆ ಚಾಟ್‌ಜಿಪಿಟಿಯನ್ನು ಎಲ್ಲರಿಗೂ ತೆರೆದಿಟ್ಟಿತು. ಆಮೇಲೆ ಗೂಗಲ್‌ನ ಜೆಮಿನಿ ಬಂತು, 2024ರಲ್ಲಿ ಮೆಟಾ ಎಐ ನಮ್ಮ ದೇಶದ ವಾಟ್ಸಾಪಿನೊಳಗೇ ಬಂದು ಕೂತಿತು. ನಿಮ್ಮಲ್ಲಿ ಬಹಳ ಜನರಿಗೆ ಇದರ ಪರಿಚಯವಾದದ್ದು ಅಪ್ಪನ ಮೊಬೈಲಿನ ಆ ನೀಲಿ ಉಂಗುರದಿಂದ ಎಂದು ನನಗೆ ಗೊತ್ತು.

ಅದು ಕೆಲಸ ಮಾಡುವ ಬಗೆಯನ್ನು ಹೀಗೆ ಅರ್ಥ ಮಾಡಿಕೊಳ್ಳಿ. ನಾನು "ಹೂವಿನ" ಎಂದು ಹೇಳಿ ನಿಲ್ಲಿಸಿದರೆ ನೀವು ಒಟ್ಟಿಗೆ "ಹಡಗಲಿ" ಎನ್ನುತ್ತೀರಿ. ಬೆಂಗಳೂರಿನ ಹುಡುಗ ಅದೇ ಜಾಗದಲ್ಲಿ "ಮಾರ್ಕೆಟ್" ಎಂದಾನು. ಇಬ್ಬರೂ ತಾವು ಹೆಚ್ಚು ಕೇಳಿದ್ದನ್ನು ಮುಂದಿನ ಪದವಾಗಿ ಇಡುತ್ತಾರೆ. ಯಂತ್ರವೂ ಕೋಟ್ಯಂತರ ಪುಟಗಳನ್ನು ಓದಿ, ಇಲ್ಲಿಯವರೆಗಿನ ಪದಗಳ ಮುಂದೆ ಯಾವ ತುಣುಕು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುತ್ತ ಒಂದೊಂದೇ ತುಣುಕನ್ನು ಸೇರಿಸುತ್ತದೆ. ಆದ್ದರಿಂದ ಅದು ಏನನ್ನು ಎಷ್ಟು ಓದಿದೆ ಎಂಬುದೇ ಮುಖ್ಯ. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ. ಅದೇ 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಲೇಖನಗಳು 30 ಸಾವಿರ ಚಿಲ್ಲರೆ. ಇಂಗ್ಲಿಷ್ ವಿಕಿಪೀಡಿಯ 70 ಲಕ್ಷ ದಾಟಿದೆ. ಮಾತಾಡುವ ಬಾಯಿಗಳು ಇಷ್ಟಿದ್ದರೂ ಯಂತ್ರದ ಕಣ್ಣಿಗೆ ಬೀಳುವ ಬರಹ ಅಷ್ಟೇ.

ಇನ್ನೊಂದು ತೊಡಕು ನಮ್ಮ ಲಿಪಿಯದು. "ಕೊಟ್ಟೂರು" ಎಂದು ಬರೆದರೆ ನಮಗೆ ಕಾಣುವುದು ಮೂರು ಅಕ್ಷರ: ಕೊ, ಟ್ಟೂ, ರು. ಕಂಪ್ಯೂಟರಿಗೆ ಅದು ಕ, ಒಕಾರದ ಚಿಹ್ನೆ, ಟ, ವಿರಾಮ, ಟ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ, ಹೀಗೆ ಎಂಟು ಸಂಕೇತ. ಸಾಮಾನ್ಯವಾಗಿ ಬಳಸುವ ಯೂನಿಕೋಡ್ ಬಗೆಯಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 24. ಇಂಗ್ಲಿಷಿನಲ್ಲಿ ಅದೇ ಊರಿಗೆ ಆರು ಅಕ್ಷರ, 6 ಬೈಟ್. ಯಂತ್ರ ಪದಗಳನ್ನು ತನ್ನ ಅನುಕೂಲಕ್ಕೆ ತಕ್ಕ ತುಣುಕುಗಳಾಗಿ ಕತ್ತರಿಸುತ್ತದೆ. ಆ ತುಣುಕಿನ ಗಡಿ ನಮ್ಮ ಅಕ್ಷರದ ಗಡಿಯೇ ಆಗಿರಬೇಕೆಂದಿಲ್ಲ. 2024ರ ಮೇ ತಿಂಗಳಲ್ಲಿ ಓಪನ್‌ಎಐ ತನ್ನ ಹೊಸ ಮಾದರಿಯ ಕತ್ತರಿಸುವ ವಿಧಾನ ಎಷ್ಟು ಸುಧಾರಿಸಿದೆ ಎಂದು ತೋರಿಸಲು 20 ಭಾಷೆಗಳ ಉದಾಹರಣೆ ಕೊಟ್ಟಿತ್ತು. ತೆಲುಗಿಗೆ ತುಣುಕುಗಳು 3.5 ಪಟ್ಟು, ಉರ್ದುವಿಗೆ 2.5 ಪಟ್ಟು ಕಡಿಮೆಯಾಗಿವೆ ಎಂದಿತ್ತು. ತಮಿಳು, ಮರಾಠಿ, ಗುಜರಾತಿ, ಹಿಂದಿ ಕೂಡ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ.

ಇದು ಬರೀ ತಾಂತ್ರಿಕ ವಿಷಯ ಎಂದುಕೊಳ್ಳಬೇಡಿ. ಛಂದಸ್ಸಿನ ಪಾಠದಲ್ಲಿ ಇದೇ ನಮ್ಮ ಕೈಗೆ ಸಿಕ್ಕಿತು.

ಭಾಮಿನಿ ಷಟ್ಪದಿಯ ಲಕ್ಷಣ ನಿಮಗೆ ಗೊತ್ತು. 1, 2, 4, 5ನೆಯ ಸಾಲುಗಳಲ್ಲಿ 3-4-3-4ರಂತೆ 14 ಮಾತ್ರೆ. 3 ಮತ್ತು 6ನೆಯ ಸಾಲುಗಳಲ್ಲಿ 3-4-3-4-3-4 ಆದ ಮೇಲೆ ಒಂದು ಗುರು, ಅಂದರೆ 23. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಆದಿಪ್ರಾಸ. ಹಡಗಲಿ ಮಲ್ಲಿಗೆಯ ಮೇಲೆ ಭಾಮಿನಿಯಲ್ಲಿ ಒಂದು ಪದ್ಯ ಬರೆ ಎಂದು ತರಗತಿಯಲ್ಲೇ ಒಂದು ಚಾಟ್‌ಬಾಟಿಗೆ ಹೇಳಿದೆವು. ಕಣ್ಣು ಮಿಟುಕಿಸುವಷ್ಟರಲ್ಲಿ ಆರು ಸಾಲು ಬಂದವು. ಕೆಳಗೆ "ಇದು ಭಾಮಿನಿ ಷಟ್ಪದಿಯ ಎಲ್ಲ ನಿಯಮಗಳನ್ನು ಪಾಲಿಸುತ್ತದೆ" ಎಂಬ ಪ್ರಮಾಣಪತ್ರ ಬೇರೆ. ಬೋರ್ಡಿನ ಮೇಲೆ ಬರೆದು ಪ್ರಸ್ತಾರ ಹಾಕಿದರೆ ಮೊದಲ ಸಾಲಿಗೇ ಮಾತ್ರೆ ಹೆಚ್ಚು, ಎರಡನೆಯದಕ್ಕೆ ಕಡಿಮೆ. ಉದ್ದವಾಗಬೇಕಿದ್ದ ಮೂರನೆಯ ಸಾಲು ಎಲ್ಲಕ್ಕಿಂತ ಗಿಡ್ಡ. ತಪ್ಪಾಗಿದೆ ಎಂದು ಹೇಳಿದೆವು. ಬಹಳ ವಿನಯದಿಂದ ಕ್ಷಮೆ ಕೇಳಿ ಇನ್ನೊಂದು ತಪ್ಪು ಪದ್ಯ ಕೊಟ್ಟಿತು. ತರಗತಿಯಲ್ಲಿ ಅಷ್ಟು ನಗು ಕೇಳಿ ಬಹಳ ದಿನವಾಗಿತ್ತು.

ಕಾರಣ ಈಗ ನಿಮಗೆ ಹೊಳೆದಿರಬೇಕು. ಮಾತ್ರೆ ಎಣಿಸುವುದು ಬಾಯಿಯಿಂದ, ಉಸಿರಿನಿಂದ. ಯಂತ್ರದ ಮುಂದಿರುವುದು ಬರಹದ ತುಣುಕುಗಳು. ಅದರಲ್ಲಿ ಯಾವುದು ಹ್ರಸ್ವ, ಯಾವುದು ಒತ್ತಕ್ಷರದ ಹಿಂದೆ ನಿಂತು ಗುರುವಾಯಿತು ಎಂಬುದು ನೇರವಾಗಿ ಕಾಣುವುದಿಲ್ಲ. ಮುಂದೆ ಇದು ಸುಧಾರಿಸಬಹುದು, ಸುಧಾರಿಸಲಿ. ಅಂದು ಮಾತ್ರ ಉಳಿದ ಅವಧಿಯಲ್ಲಿ ತರಗತಿಯೇ ಪದ್ಯ ಕಟ್ಟಲು ಕೂತಿತು. ಬಸ್ಸಿನಲ್ಲಿ ಮಲ್ಲಿಗೆ ಮೊಗ್ಗಿನ ಬುಟ್ಟಿಗಳ ನಡುವೆ ಕೂತು ಬರುವ ಹುಡುಗಿಯರು ಶುರು ಮಾಡಿದರು. 40 ನಿಮಿಷದಲ್ಲಿ ಎರಡು ಸಾಲು:

ಊರ ಮಲ್ಲಿಗೆ ಬಸ್ಸು ಹತ್ತಿತು
ಜೋರು ಪರಿಮಳ ಸೀಟು ತುಂಬಿತು

ಎಣಿಸಿ ನೋಡಿ. ಊರ 3, ಮಲ್ಲಿಗೆ 4, ಬಸ್ಸು 3, ಹತ್ತಿತು 4. ಜೋರು 3, ಪರಿಮಳ 4, ಸೀಟು 3, ತುಂಬಿತು 4. ಪ್ರಾಸ ರಕಾರ. ಮಹಾಕಾವ್ಯ ಅಲ್ಲ, ಒಪ್ಪುತ್ತೇನೆ. ಆದರೆ ಪ್ರಸ್ತಾರ ಹಾಕಲು ಹೆದರುತ್ತಿದ್ದ ಹಿಂದಿನ ಬೆಂಚಿನವರೂ ಅಂದು ಬೆರಳು ಮಡಚಿ ಎಣಿಸುತ್ತಿದ್ದರು. ಸರಿಯಾದ ಪದ್ಯಕ್ಕಿಂತ ತಪ್ಪು ಪದ್ಯವೇ ಪಾಠಕ್ಕೆ ಹೆಚ್ಚು ಉಪಯೋಗಕ್ಕೆ ಬಂತು.

ಹರಪನಹಳ್ಳಿ ಯಾವ ಜಿಲ್ಲೆ?

ಇದು ನಗುವ ವಿಷಯವಲ್ಲ. ನಿಮ್ಮ ತಾಲ್ಲೂಕಿನ ಪರಿಚಯ ಬರೆಯಿರಿ ಎಂಬ ಅಭ್ಯಾಸಕ್ಕೆ ಬಂದ ಕೆಲವು ಪ್ರಬಂಧಗಳಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿತ್ತು, ಕೆಲವದರಲ್ಲಿ ಬಳ್ಳಾರಿಯಲ್ಲಿತ್ತು. ಬರೆದವರು ಹರಪನಹಳ್ಳಿಯವರೇ! ಎರಡೂ ಪೂರ್ತಿ ಸುಳ್ಳಲ್ಲ, ಹಳೆಯ ಸತ್ಯಗಳು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿಯನ್ನು ಬಳ್ಳಾರಿಯಿಂದ ತೆಗೆದು ಅಲ್ಲಿಗೆ ಸೇರಿಸಿದರು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆ ಹರಪನಹಳ್ಳಿಯೂ ಅದರೊಳಗೆ ಸೇರಿತು. ಅಂತರ್ಜಾಲದಲ್ಲಿ ಎರಡು ದಶಕ ಕಾಲ ಬರೆದದ್ದೆಲ್ಲ "ದಾವಣಗೆರೆ ಜಿಲ್ಲೆಯ ಹರಪನಹಳ್ಳಿ" ಎಂದೇ ಇದೆ. ಹೆಚ್ಚು ಸಲ ಓದಿದ್ದನ್ನು ಯಂತ್ರ ಹೆಚ್ಚು ನಂಬಿಕೆಯಿಂದ ಹೇಳುತ್ತದೆ. ಕೊಟ್ಟೂರು ಇನ್ನೂ ಕೂಡ್ಲಿಗಿ ತಾಲ್ಲೂಕಿನ ಒಂದು ಪಟ್ಟಣ ಎಂದು ಬರೆದದ್ದೂ ಇದೇ ಕಾರಣಕ್ಕೆ.

ಜಿಲ್ಲೆಯ ಹೆಸರು ತಪ್ಪಾದರೆ ಏನು ಮಹಾ ಎಂದು ಒಬ್ಬ ಕೇಳಿದ. ಹರಪನಹಳ್ಳಿಯನ್ನು ಮತ್ತೆ ಬಳ್ಳಾರಿಗೆ ಸೇರಿಸಬೇಕೆಂಬ ಬೇಡಿಕೆಯ ಹಿಂದೆ ಇದ್ದದ್ದೇ ಸಂವಿಧಾನದ 371(ಜೆ) ವಿಧಿಯ ಸೌಲಭ್ಯ. ಕಲ್ಯಾಣ ಕರ್ನಾಟಕದವರಿಗೆ ಕಾಲೇಜು ಸೀಟಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಕೊಡುವ ವಿಧಿ ಅದು. ನಾಳೆ ನೀವು ವೃತ್ತಿಶಿಕ್ಷಣದ ಅರ್ಜಿ ತುಂಬುವಾಗ ಆ ಒಂದು ಸಾಲಿನ ಮೇಲೆ ಸೀಟು ನಿಂತಿರುತ್ತದೆ. ಅರ್ಹತೆ ಇದೆಯೋ ಇಲ್ಲವೋ ಎಂದು ಚಾಟ್‌ಬಾಟನ್ನು ಕೇಳಿ ಸುಮ್ಮನಾಗಬೇಡಿ. ತಹಸೀಲ್ದಾರ್ ಕಚೇರಿಗೆ ಹೋಗಿ, ಕಾಗದ ನೋಡಿ.

ನಾನಿಯ ರೊಟ್ಟಿ

ಈಗ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ ಸಂಗತಿಗೆ ಬರುತ್ತೇನೆ. ತಪ್ಪು ಮಾಹಿತಿಯನ್ನು ಹಿಡಿಯಬಹುದು, ತಿದ್ದಬಹುದು. ಇದು ಅಷ್ಟು ಸುಲಭದ್ದಲ್ಲ.

ಮನೆಯ ಹಿರಿಯರೊಬ್ಬರ ಬಗ್ಗೆ ಬರೆಯಿರಿ ಎಂದಿದ್ದೆ. ಒಬ್ಬ ವಿದ್ಯಾರ್ಥಿನಿ ತಂದ ಪ್ರಬಂಧ ಅಚ್ಚುಕಟ್ಟಾಗಿತ್ತು, ಒಂದೂ ಕಾಗುಣಿತದ ತಪ್ಪಿಲ್ಲ. "ನನ್ನ ಅಜ್ಜಿಯವರು ಪ್ರತಿದಿನ ಮುಂಜಾನೆ ಎದ್ದು ರೊಟ್ಟಿಗಳನ್ನು ತಯಾರಿಸುತ್ತಿದ್ದರು. ಅವರ ಪರಿಶ್ರಮ ನಮ್ಮೆಲ್ಲರಿಗೂ ಸ್ಫೂರ್ತಿಯಾಗಿದೆ." ಮೊದಲು ನೀನು ಬರೆದದ್ದು ಏನಾದರೂ ಇದೆಯೇ ಎಂದು ಕೇಳಿದಾಗ ನೋಟ್‌ಬುಕ್ಕಿನ ಕೊನೆಯ ಹಾಳೆ ತೋರಿಸಿದಳು: "ನಮ್ಮ ನಾನಿ ನಸುಕಿನಾಗ ಎದ್ದು ರೊಟ್ಟಿ ಬಡಿಯಾಕ ಕುಂತ್ರೆ ಓಣಿಗೆಲ್ಲ ಕೇಳ್ತಿತ್ತು." ಇದು ಚೆನ್ನಾಗಿಲ್ಲ ಮೇಡಂ, ಅದಕ್ಕೇ ಸರಿ ಮಾಡಿಸಿದೆ ಎಂದಳು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಾನಿ ಹೋಗಿ ಅಜ್ಜಿಯವರಾದರು. ನಾನಿ ಎಂದರೆ ತಾಯಿಯ ತಾಯಿ. ಆ ಒಂದು ಪದದಲ್ಲಿ ಮನೆಯೊಳಗಿನ ಮಾತು ದಖನಿ ಎಂಬುದೂ ಇತ್ತು, ಅಜ್ಜಿ ಯಾವ ಕಡೆಯವರು ಎಂಬುದೂ ಇತ್ತು. ಬಡಿಯುವುದು ಹೋಗಿ ತಯಾರಿಸುವುದು ಬಂತು. ಜೋಳದ ರೊಟ್ಟಿಯನ್ನು ತಯಾರಿಸುವುದಿಲ್ಲ, ಬಡಿಯುತ್ತಾರೆ, ಅದಕ್ಕೊಂದು ಸದ್ದಿದೆ. ಓಣಿಯೇ ಇಲ್ಲವಾಯಿತು. ಸದ್ದೂ ಇಲ್ಲ. ಬದಲಿಗೆ ಸ್ಫೂರ್ತಿ ಬಂದು ಕೂತಿದೆ. ಆ ವಾರ ನನ್ನ ಮುಂದಿದ್ದ ಅಸೈನ್‌ಮೆಂಟುಗಳಲ್ಲಿ ರೈತನೂ ಸ್ಫೂರ್ತಿ, ಅಬ್ದುಲ್ ಕಲಾಂ ಅವರೂ ಸ್ಫೂರ್ತಿ, ಅಂಕಸಮುದ್ರದ ಕೆರೆಗೆ ಬರುವ ಹಕ್ಕಿಗಳೂ ಸ್ಫೂರ್ತಿ! ಯಾರ ಊರಿನದೂ ಅಲ್ಲದ ಕನ್ನಡ ಅದು. ಇಂಗ್ಲಿಷ್ ಸಾಲಿಗೆ ಕನ್ನಡದ ಅಂಗಿ ತೊಡಿಸಿದ ಹಾಗೆ ಇರುತ್ತದೆ.

ಆ ಹುಡುಗಿಯನ್ನು ನಾನು ಬೈಯಲಿಲ್ಲ, ಬೈಯುವಂಥದ್ದು ಅವಳು ಏನೂ ಮಾಡಿರಲಿಲ್ಲ. ಮೋಸ ಮಾಡಲು ಅವಳು ಯಂತ್ರದ ಹತ್ತಿರ ಹೋಗಿರಲಿಲ್ಲ. ತನ್ನ ಕನ್ನಡ ಕೆಟ್ಟದ್ದು ಎಂದು ನಂಬಿ ಹೋಗಿದ್ದಳು. ಮನೆಯಲ್ಲಿ ದಖನಿ, ತಾಂಡಾದಲ್ಲಿ ಲಂಬಾಣಿ, ಹೊಲದಲ್ಲಿ "ಐತಿ" "ಐತೆ" ಎಂದು ಮಾತಾಡಿ ಬಸ್ಸು ಹತ್ತಿ ಬರುವ ನಿಮ್ಮಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಈ ನಂಬಿಕೆ ಇದೆ. ಯಂತ್ರ ಆ ನಂಬಿಕೆಯನ್ನು ಹುಟ್ಟಿಸಲಿಲ್ಲ, ಅದಕ್ಕೆ ಅಚ್ಚುಕಟ್ಟಾದ ಅಕ್ಷರದಲ್ಲಿ ಸಾಕ್ಷಿ ಕೊಟ್ಟಿತು.

ಹಾಗೆಂದು ಪರೀಕ್ಷೆಯಲ್ಲಿ "ಕುಂತ್ರೆ" ಎಂದು ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಬರಹದ ಕನ್ನಡ ಕಲಿಯಲೇಬೇಕು. ಅರ್ಜಿ, ಉತ್ತರಪತ್ರಿಕೆ, ಸಂದರ್ಶನ ಎಲ್ಲದಕ್ಕೂ ಅದು ಬೇಕು. ಆದರೆ ಬರಹದ ಕನ್ನಡಕ್ಕೆ ಬರಲು ನಾನಿಯನ್ನು ಮನೆಯಲ್ಲಿ ಬಿಟ್ಟು ಬರಬೇಕಾಗಿಲ್ಲ. ಅವಳೇ ಮೂರನೆಯ ಸಲ ಬರೆದಳು: "ನಸುಕಿನಲ್ಲಿ ಎದ್ದು ನಾನಿ ರೊಟ್ಟಿ ಬಡಿಯಲು ಕುಳಿತರೆ ಆ ಸದ್ದು ಓಣಿಗೆಲ್ಲ ಕೇಳುತ್ತಿತ್ತು." ವ್ಯಾಕರಣ ಶುದ್ಧ, ಸದ್ದು ಹಾಗೇ ಇದೆ.

ಈ ಸೀಮೆಯವರಿಗೆ ಇದನ್ನು ನಾನು ಹೇಳಬೇಕಾಗಿ ಬಂದಿದ್ದೇ ಸೋಜಿಗ. ಕುಂ. ವೀರಭದ್ರಪ್ಪನವರು ಕೊಟ್ಟೂರಿನವರು, ಮೇಷ್ಟರಾಗಿದ್ದವರು. ಬಾಯಿಮಾತಿನ ಕಸುವನ್ನೇ ನೆಚ್ಚಿಕೊಂಡು ಬರೆದ ಅವರ "ಅರಮನೆ"ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿ ತಮ್ಮ ಹೆಸರನ್ನೇ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡವರು. ಯಾವ ಶುದ್ಧೀಕರಣ ಯಂತ್ರಕ್ಕೆ ಕೊಟ್ಟರೂ ಮೊದಲು ಅವರ ಹೆಸರನ್ನೇ ತಿದ್ದಿಬಿಡುತ್ತದೆ. ಇನ್ನು ಬಾನು ಮುಷ್ತಾಕ್. 2025ರ ಮೇ ತಿಂಗಳಲ್ಲಿ ಅವರ "ಹಾರ್ಟ್ ಲ್ಯಾಂಪ್" ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು, ಕನ್ನಡದಿಂದ ಹೋದ ಪುಸ್ತಕಕ್ಕೆ ಮೊದಲ ಬಾರಿ. ಅದರಲ್ಲಿರುವುದು 1990ರಿಂದ 2023ರವರೆಗೆ ಬರೆದ 12 ಕತೆಗಳು. ಅನುವಾದಿಸಿದ ದೀಪಾ ಭಸ್ತಿ ಕನ್ನಡ, ಉರ್ದು, ಅರಬಿ ಪದಗಳನ್ನು ಇಂಗ್ಲಿಷಿನಲ್ಲೂ ಹಾಗೇ ಉಳಿಸಿದರು, ಓರೆ ಅಕ್ಷರದಲ್ಲಿ ಹಾಕಿ ಅವನ್ನು ಪರಕೀಯ ಮಾಡಲಿಲ್ಲ. ಬಹುಮಾನದ 50,000 ಪೌಂಡ್ ಇಬ್ಬರಿಗೂ ಸಮಪಾಲು. ಆ ಪುಸ್ತಕದ ಮನೆಗಳಲ್ಲಿ ಕೇಳುವ ಮಾತು ನಿಮ್ಮ ಮನೆಯಲ್ಲಿ ಕೇಳುವ ಮಾತಿಗೆ ಬಹಳ ದೂರದ್ದಲ್ಲ.

ಸ್ಟಾಫ್ ರೂಮಿನಲ್ಲಿ ಕೇಳಿದ್ದು

ಉರ್ದು ವಿಭಾಗದ ನನ್ನ ಸಹೋದ್ಯೋಗಿ ಹೇಳುವುದೂ ಇದೇ. ಮಕ್ಕಳು "ನಕ್ಕೊ" "ಕೈಕು" ಎಂದು ಬರೆದ ಸಂಭಾಷಣೆಯನ್ನು ಯಂತ್ರಕ್ಕೆ ಕೊಟ್ಟರೆ ಅದು ದೆಹಲಿ ಲಖನೌ ಕಡೆಯ ಉರ್ದುವಾಗಿ ಹೊರಗೆ ಬರುತ್ತದೆ. ಪಠ್ಯದ ಉರ್ದುವಿಗೆ ಅದು ಸರಿ. ಆದರೆ ದಖನಿ ಎಂಬುದು ಉರ್ದುವಿನ ತಪ್ಪು ರೂಪವಲ್ಲ, ಬಹಮನಿ, ಬಿಜಾಪುರ, ಗೋಲ್ಕೊಂಡಗಳ ಕಾಲದಲ್ಲೇ ಕಾವ್ಯ ಬರೆಸಿಕೊಂಡ ಭಾಷೆ. "ಯಂತ್ರ ದಖನಿಯನ್ನು ತಿದ್ದಿದಾಗಲೆಲ್ಲ ನಾನು ಒಂದು ಇತಿಹಾಸದ ಪಾಠ ಮಾಡಬೇಕಾಗುತ್ತದೆ" ಎಂದು ಅವರು ಗೊಣಗುತ್ತಾರೆ, ಗೊಣಗುತ್ತ ಪಾಠ ಮಾಡಿಯೇ ಮಾಡುತ್ತಾರೆ.

ಇಂಗ್ಲಿಷ್ ಉಪನ್ಯಾಸಕರ ಅನುಭವ ಬೇರೆ, ಅದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ತರಗತಿಯಲ್ಲಿ ಎದ್ದು ನಿಂತರೆ ಬೆವರುತ್ತಿದ್ದ ಒಬ್ಬ ವಿದ್ಯಾರ್ಥಿ ಮನೆಯಲ್ಲಿ ದಿನಾ 15 ನಿಮಿಷ ಎಐ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ಅಭ್ಯಾಸ ಮಾಡಿದ. ತಪ್ಪಾದರೆ ಯಾರೂ ನಗುವುದಿಲ್ಲ, ಎಷ್ಟು ಸಲ ಕೇಳಿದರೂ ಬೇಸರವಿಲ್ಲ. ಈಗ ಅವನು ಸಮಾರಂಭಗಳಲ್ಲಿ ಇಂಗ್ಲಿಷಿನಲ್ಲಿ ಸ್ವಾಗತ ಭಾಷಣ ಮಾಡುತ್ತಾನೆ. ಒಂದು ತರಗತಿಯಲ್ಲಿ ಎಂಬತ್ತು ಜನರನ್ನು ಇಟ್ಟುಕೊಂಡು ನಾವು ಕೊಡಲಾಗದ ಸಮಯವನ್ನು ಯಂತ್ರ ಅವನಿಗೆ ಕೊಟ್ಟಿತು.

ಶಿಕ್ಷಕರಿಗೂ ಅದರಿಂದ ಉಪಯೋಗ ಇದೆ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಶಿಕ್ಷಣ ಫೌಂಡೇಶನ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್ ಸೇರಿ "ಶಿಕ್ಷಾ ಕೋಪೈಲಟ್" ಎಂಬ ಪಾಠಯೋಜನೆಯ ಉಪಕರಣವನ್ನು ತಂದಿವೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಯೋಜನೆ ಕೊಡುತ್ತದೆ. ಯಂತ್ರ ಬರೆದದ್ದನ್ನು ಮನುಷ್ಯರು ಪರಿಶೀಲಿಸಿ ತಿದ್ದುವ ವ್ಯವಸ್ಥೆಯೂ ಅದರಲ್ಲಿದೆ. 1,043 ಶಿಕ್ಷಕರನ್ನು ಒಳಗೊಂಡ ಅಧ್ಯಯನವೊಂದು 2025ರಲ್ಲಿ ಹೊರಬಂತು. ಪಾಠಯೋಜನೆ ಬರೆಯುವ ಸಮಯ ಉಳಿಯಿತು, ಒತ್ತಡ ಇಳಿಯಿತು, ಚಟುವಟಿಕೆಗಳ ಕಡೆಗೆ ಒಲವು ಬಂತು ಎಂದು ಅದು ಹೇಳುತ್ತದೆ. ಜೊತೆಗೆ, ಶಿಕ್ಷಕರ ಕೊರತೆ ಮತ್ತು ಕಚೇರಿ ಕೆಲಸದ ಹೊರೆ ಇರುವವರೆಗೆ ಬೋಧನೆಯಲ್ಲಿ ದೊಡ್ಡ ಬದಲಾವಣೆ ಕಷ್ಟ ಎಂದೂ ಹೇಳುತ್ತದೆ. ಈ ಎರಡನೆಯ ಮಾತನ್ನು ಓದಿ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ತಲೆಯಾಡಿಸಿದೆವು.

ಅಂಕಗಳ ಮಾತು

2023-24ರಿಂದ ಪಿಯು ಭಾಷಾ ಪತ್ರಿಕೆಗಳಿಗೂ 80 ಅಂಕದ ಲಿಖಿತ ಪರೀಕ್ಷೆ, 20 ಅಂಕದ ಆಂತರಿಕ ಮೌಲ್ಯಮಾಪನ ಬಂದಿದೆ. ಮನೆಯಲ್ಲಿ ಬರೆದು ತರುವ ಕೆಲಸಕ್ಕೆ ಅಂಕ ಇದೆ ಎಂದ ಕೂಡಲೇ ಎಐ ಪ್ರಶ್ನೆ ಬರೀ ಭಾಷೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ, ನ್ಯಾಯದ ಪ್ರಶ್ನೆಯಾಗುತ್ತದೆ. ಮನೆಯಲ್ಲಿ ಮೊಬೈಲ್, ಡೇಟಾ ಎರಡೂ ಇರುವವರು ನುಣುಪಾದ ಪ್ರಬಂಧ ತರುತ್ತಾರೆ. ಮನೆಗೊಂದೇ ಮೊಬೈಲ್ ಇದ್ದು ಅದು ಅಣ್ಣನ ಜೇಬಿನಲ್ಲಿ ಹೊಸಪೇಟೆಗೆ ಹೋಗಿರುವಾಗ, ಹುಡುಗಿ ತಾನೇ ಯೋಚಿಸಿ, ಹೊಡೆದು ಹಾಕಿ, ತಪ್ಪು ಸಹಿತ ಬರೆದು ತರುತ್ತಾಳೆ. ನುಣುಪಿಗೆ ಅಂಕ ಕೊಟ್ಟರೆ ದುಡಿದವಳಿಗೆ ಶಿಕ್ಷೆ ಕೊಟ್ಟ ಹಾಗೆ.

ಹಾಗಾದರೆ ಎಐ ಬರೆದದ್ದನ್ನು ಪತ್ತೆ ಮಾಡುವ ತಂತ್ರಾಂಶ ಬಳಸಿ ಎಂದು ಪೋಷಕರ ಸಭೆಯಲ್ಲಿ ಒಬ್ಬರು ಸಲಹೆ ಕೊಟ್ಟರು. ಅದನ್ನು ನಾವು ಒಪ್ಪಲಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಉಪಕರಣವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಉಪಕರಣಗಳಿಗೆ ಕೊಟ್ಟು ನೋಡಿದರು. ಮನುಷ್ಯರೇ ಬರೆದ ಆ ಪ್ರಬಂಧಗಳನ್ನು ಸರಾಸರಿ 61 ಶೇಕಡಕ್ಕೂ ಹೆಚ್ಚು ಸಲ "ಯಂತ್ರ ಬರೆದದ್ದು" ಎಂದು ಅವು ತಪ್ಪಾಗಿ ಹೇಳಿದವು. ಸರಳ ಪದ, ಸರಳ ವಾಕ್ಯ ಬಳಸುವವರ ಮೇಲೆಯೇ ಅನುಮಾನ ಹೆಚ್ಚು. ಎರಡನೆಯ, ಮೂರನೆಯ ಭಾಷೆಯಲ್ಲಿ ಬರೆಯುವ ನಮ್ಮ ಮಕ್ಕಳನ್ನು ಆ ತಕ್ಕಡಿಯಲ್ಲಿ ತೂಗುವುದು ಬೇಡ.

ನಾವು ಹಿಡಿದದ್ದು ಹಳೆಯ ದಾರಿ. ಅರಬಿ ಮದ್ರಸಾಗಳಲ್ಲಿ ಓದಿದವರಿಗೆ ಸನದ್ ಎಂಬ ಪದ ಗೊತ್ತು. ಒಂದು ಹದೀಸ್ ಹೇಳುವಾಗ ಅದನ್ನು ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು ಎಂಬ ಸರಪಳಿಯನ್ನೂ ಹೇಳಬೇಕು. ಕೊಂಡಿ ಕಳಚಿದರೆ ಮಾತಿನ ತೂಕ ಇಳಿಯುತ್ತದೆ. ನಮ್ಮ ಜಾನಪದ ಸಂಗ್ರಾಹಕರೂ ಪ್ರತಿ ಹಾಡಿನ ಜೊತೆ ಹಾಡಿದವರ ಹೆಸರು, ಊರು, ವಯಸ್ಸು ಬರೆದುಕೊಳ್ಳುತ್ತಾರೆ. ಯಂತ್ರದ ಮಾತಿಗೆ ಇಂಥ ಸರಪಳಿ ಇಲ್ಲ. ಎಲ್ಲರಿಂದ ಸ್ವಲ್ಪ ಸ್ವಲ್ಪ ಕೇಳಿ ಯಾರ ಹೆಸರನ್ನೂ ಹೇಳದ ಮಾತು ಅದು. ಮೂಲ ಯಾವುದು ಎಂದು ಒತ್ತಾಯಿಸಿದರೆ ಇಲ್ಲದ ಪುಸ್ತಕದ ಹೆಸರನ್ನು ಕೊಟ್ಟದ್ದೂ ಉಂಟು.

ಇದರ ವ್ಯತ್ಯಾಸ ಮೊಹರಂ ಸಮಯದಲ್ಲಿ ಚೆನ್ನಾಗಿ ಕಂಡಿತು. ರಿವಾಯತ್ ಪದಗಳ ಮೇಲೆ ಒಂದು ಕಿರುಯೋಜನೆ ಕೊಟ್ಟಿದ್ದೆ. ಕರ್ಬಲಾದ ಕತೆಯನ್ನು ಕನ್ನಡದಲ್ಲಿ ಹಾಡುವ ಈ ಪದಗಳನ್ನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಂ ಎನ್ನದೆ ಹಾಡುತ್ತಾರೆ. ಕೆಲವರು ಯಂತ್ರದಿಂದ ಬರೆಸಿ ತಂದರು: ನಾಲ್ಕು ಸಾಲಿನ ನುಡಿ, ಅಂತ್ಯಪ್ರಾಸ, ತ್ಯಾಗ, ಶಾಂತಿ, ಭಾವೈಕ್ಯ. ಯಾವ ಊರಿನ ಅಲಾಯಿ ಕುಣಿಯ ಮುಂದೆಯೂ ಯಾರೂ ಹಾಡದ ಪದ. ಒಬ್ಬ ಹುಡುಗ ಮಾತ್ರ ತನ್ನೂರಿನ ಹಿರಿಯರೊಬ್ಬರ ಮುಂದೆ ಕೂತು ಬರೆದುಕೊಂಡು ಬಂದ. ಹಾಡಿದವರು ಮುಸ್ಲಿಮರಲ್ಲ, ಕುರಿ ಕಾಯುವವರು. ಮೇಳದ ಎರಡು ನುಡಿ ಅವರಿಗೆ ಮರೆತುಹೋಗಿತ್ತು. ಆ ಜಾಗವನ್ನು ಹುಡುಗ ಖಾಲಿ ಬಿಟ್ಟು "ಇಲ್ಲಿ ಅವರಿಗೆ ನೆನಪಾಗಲಿಲ್ಲ" ಎಂದು ಬರೆದಿದ್ದ. ಪೂರ್ತಿ ಅಂಕ ಕೊಟ್ಟೆ. ರಿವಾಯತ್ ಎಂಬ ಅರಬಿ ಮೂಲದ ಪದದ ಅರ್ಥವೇ ಒಬ್ಬರಿಂದ ಕೇಳಿ ಇನ್ನೊಬ್ಬರಿಗೆ ಹೇಳಿದ್ದು.

ಇಂಥ ಮಾತಿಗೆ ಹೊರಗೆ ಬೆಲೆಯೂ ಇದೆ ಎಂಬುದು ನಿಮಗೆ ತಿಳಿದಿರಲಿ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳ ಜನರಿಂದ ಕನ್ನಡ ವಾಕ್ಯಗಳನ್ನು ಓದಿಸಿ ಧ್ವನಿಮುದ್ರಿಸಿ, ಗಂಟೆಗೆ ಸುಮಾರು 5 ಡಾಲರ್ ಕೊಟ್ಟಿದ್ದು 2023ರಲ್ಲಿ ಸುದ್ದಿಯಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ "ವಾಣಿ" ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳ ಮಾತನ್ನು ಸಂಗ್ರಹಿಸುತ್ತಿದೆ. ಯಂತ್ರಕ್ಕೆ ಈಗ ಕೊರತೆ ಇರುವುದು ನಿಮ್ಮ ನಾನಿಯಂಥವರ ಮಾತಿಗೇ. ನೀವೇ ಅದನ್ನು ಅಳಿಸಿ ಯಂತ್ರದ ಮಾತನ್ನು ನಕಲು ಮಾಡಿಕೊಂಡು ಬಂದರೆ ನನಗೆ ಹೊಟ್ಟೆ ಉರಿಯುವುದು ಸಹಜ ತಾನೇ?

ಆದ್ದರಿಂದ ಈ ಅವಧಿಯ ಅಸೈನ್‌ಮೆಂಟ್ ಹೀಗೆ. ಮನೆಯ ಅಥವಾ ಊರಿನ ಒಬ್ಬರನ್ನು ಮಾತಾಡಿಸಿ: ಬುಟ್ಟಿ ಹೆಣೆಯುವವರು, ಮಲ್ಲಿಗೆ ಕೀಳುವವರು, ಕಂಬಳಿ ನೇಯುವವರು, ಬಸ್ಸಿನ ಕಂಡಕ್ಟರ್, ಯಾರಾದರೂ ಸರಿ. ಅವರು ಆಡಿದ ಹತ್ತು ವಾಕ್ಯಗಳನ್ನು ಆಡಿದ ಹಾಗೆಯೇ ನೋಟ್‌ಬುಕ್ಕಿನ ಎಡಗಡೆಯ ಪುಟದಲ್ಲಿ ಬರೆಯಿರಿ. ಅವರು ಒಪ್ಪಿದರೆ ಹೆಸರು, ಊರು, ಅಂದಾಜು ವಯಸ್ಸು ಬರೆಯಿರಿ; ಒಪ್ಪದಿದ್ದರೆ "ಹೆಸರು ಬೇಡವೆಂದರು" ಎಂದು ಬರೆದರೆ ಸಾಕು. ಬಲಗಡೆಯ ಪುಟದಲ್ಲಿ ಅದೇ ಹತ್ತು ವಾಕ್ಯ ನಿಮ್ಮ ಬರಹದ ಕನ್ನಡದಲ್ಲಿ, ತರಗತಿಯಲ್ಲಿ, ಪೆನ್ನಿನಿಂದ. ಇಲ್ಲಿಯವರೆಗೆ ಎಐ ಇಲ್ಲ.

ಶನಿವಾರದ ಕೊನೆಯ ಅವಧಿಯಲ್ಲಿ ಕಂಪ್ಯೂಟರ್ ಲ್ಯಾಬಿಗೆ ಬನ್ನಿ, ಮೊಬೈಲ್ ಇರುವವರೂ ಇಲ್ಲದವರೂ. ಎಡಪುಟದ ಎರಡು ವಾಕ್ಯಗಳನ್ನು ಯಂತ್ರಕ್ಕೆ ಕೊಡೋಣ. ಮಾತಾಡಿದವರ ಹೆಸರು, ಊರು, ಫೋನ್ ನಂಬರ್ ಯಾವುದನ್ನೂ ಅದಕ್ಕೆ ಕೊಡಬಾರದು. ಅದು ಏನು ತೆಗೆಯಿತು, ಏನು ಸೇರಿಸಿತು, ಯಾವುದನ್ನು ನಿಜವಾಗಿಯೂ ಚೆನ್ನಾಗಿ ತಿದ್ದಿತು ಎಂದು ಮೂರು ಸಾಲಿನಲ್ಲಿ ಕೆಂಪು ಪೆನ್ನಿನಿಂದ ಬರೆಯಿರಿ. ಅದರ ತಿದ್ದುಪಡಿ ನಿಮಗೆ ಒಪ್ಪಿಗೆಯಾದರೆ ತೆಗೆದುಕೊಳ್ಳಿ, ಪಕ್ಕದಲ್ಲಿ "ಎಐ" ಎಂದು ಗುರುತು ಹಾಕಿ. ಅದಕ್ಕೆ ಅಂಕ ಕಡಿಮೆಯಾಗುವುದಿಲ್ಲ. ಆಮೇಲೆ ಒಬ್ಬೊಬ್ಬರ ಜೊತೆ ಐದು ನಿಮಿಷ ಮಾತು. ನಾನು ಕೇಳುವ ಮೊದಲ ಪ್ರಶ್ನೆ ಎಲ್ಲರಿಗೂ ಒಂದೇ: ಈ ಸಾಲು ಹೇಳಿದವರು ಯಾರು?

ಹಾಂ, ಮಲ್ಲಿಗೆ ಪದ್ಯದ ಮೂರನೆಯ ಸಾಲು ಇನ್ನೂ ಬಾಕಿ ಇದೆ. 23 ಮಾತ್ರೆ, ಪ್ರಾಸ ರಕಾರ. ಬಸ್ಸಿನಲ್ಲಿ ಹೊಳೆದರೆ ಬರೆದು ಸ್ಟಾಫ್ ರೂಮಿನ ಬಾಗಿಲ ಬಳಿ ಇರುವ ಪೆಟ್ಟಿಗೆಗೆ ಹಾಕಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕೋಣ.